ಬೇಕು ಅಂದವರು

ಚಹಾಕ್ಕೆ ಸಕ್ಕರೆ ಎಷ್ಟು ಹಾಕಬೇಕು ಎಂದು ಸನಾ ತನ್ನ ಅಪ್ಪನನ್ನು ಕೇಳಿದಳು. ಒಂಬತ್ತನೇ ಕ್ಲಾಸಿನ ಹುಡುಗಿ, ಅಡುಗೆಮನೆಯ ಬಾಗಿಲಲ್ಲಿ ನಿಂತು, ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು, ಮನೆಗೆ ಬಂದ ನೆಂಟರನ್ನು ಕೇಳುವ ಹಾಗೆಯೇ ಕೇಳಿದಳು. ನೂರ್ ಅಹ್ಮದ್ ಎರಡು ಚಮಚ ಎಂದ. ಅವಳು ಒಳಗೆ ಹೋದ ಮೇಲೆ ಸುಮಾರು ಹೊತ್ತು ಗೋಡೆ ನೋಡುತ್ತ ಕೂತ.

ಅವನು ಲಾರಿ ಡ್ರೈವರು. ಯಲ್ಲಾಪುರದ ಮಾಲೀಕರೊಬ್ಬರ ಲಾರಿಯಲ್ಲಿ ಶಿರಸಿಯಿಂದ ಚಾಲಿ ಅಡಿಕೆ ತುಂಬಿಕೊಂಡು ಅಹಮದಾಬಾದ್, ರಾಜಕೋಟ್ ಕಡೆ ಹೋದರೆ ತಿರುಗಿ ಬರುವುದು ಹತ್ತು ಹನ್ನೆರಡು ದಿನಕ್ಕೆ. ಬಂದವನು ಎರಡು ರಾತ್ರಿ ಮಲಗಿ ಮತ್ತೆ ಹೊರಡುತ್ತಿದ್ದ. ಮದುವೆಯಾದಾಗಿನಿಂದ ಹೀಗೇ ನಡೆದಿತ್ತು. ಅವನು ಬಂದ ದಿನ ಹೆಂಡತಿ ಮುಮ್ತಾಜ್ ಮಟನ್ ತರಿಸುತ್ತಿದ್ದಳು, ಮಕ್ಕಳು ದನಿ ಇಳಿಸಿ ಮಾತಾಡುತ್ತಿದ್ದರು, ಟೀವಿ ಬಂದಾಗುತ್ತಿತ್ತು. ಅವನು ಹೋದ ಮೇಲೆ ಮನೆ ತನ್ನ ಎಂದಿನ ಗದ್ದಲಕ್ಕೆ ಮರಳುತ್ತಿತ್ತು. ರೇಷನ್ನು, ಕರೆಂಟು ಬಿಲ್ಲು, ಅಜ್ಜಿಯ ಮಂಡಿನೋವಿನ ಔಷಧಿ, ಸನಾಳ ಶಾಲೆ ಎಲ್ಲವನ್ನೂ ನೋಡಿಕೊಳ್ಳುವವನು ಮಗ ಅಜರ್. ಪಿಯುಸಿ ಮುಗಿಸಿ ಶಿರಸಿ ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ.

ಅದು ಎರಡು ಸಾವಿರದ ಮೂರರ ಜೂನ್. ಲಾರಿಯ ಇಂಜಿನ್ ಬಿಚ್ಚಿ ಯಲ್ಲಾಪುರದ ಗ್ಯಾರೇಜಿನಲ್ಲಿ ಹಾಕಿದ್ದರಿಂದ ನೂರ್ ಅಹ್ಮದ್‌ಗೆ ಬಿಡುವು ಸಿಕ್ಕಿತ್ತು. ಹಳೇ ಗಾಡಿಗಳ ವ್ಯಾಪಾರ ಮಾಡುವ ಸಿದ್ದಾಪುರದ ಮಡಿವಾಳಪ್ಪ ಅವನ ಸ್ನೇಹಿತ. ಮಾರಾಟಕ್ಕಿದ್ದ ಓಮ್ನಿ ವ್ಯಾನೊಂದನ್ನು ಅವನ ಕೈಗೆ ಕೊಟ್ಟು, ಸುಮ್ಮನೆ ಕೂತಿದ್ದೀಯಲ್ಲ, ನಾಲ್ಕು ದಿನ ಓಡಿಸಿ ಹೇಗಿದೆ ಹೇಳು ಎಂದಿದ್ದ. ಅಜರ್‌ನ ಅಂಗಡಿಯಿಂದ ಪೇಟೆಯ ಹೊರಗಿನ ಇಸಳೂರಿನ ಒಂದು ಹೊಸ ಮನೆಗೆ ಮಿಕ್ಸರ್ ಮುಟ್ಟಿಸುವುದಿತ್ತು. ನಾನೇ ಕೊಟ್ಟು ಬರ್ತೇನೆ ಎಂದು ನೂರ್ ಅಹ್ಮದ್ ಬೆಳಿಗ್ಗೆ ಹೊರಟ.

ಇಸಳೂರಿನ ಸ್ಟಾಪಿನಲ್ಲಿ ಶಾಲೆಯ ಮಕ್ಕಳು ಗುಂಪಾಗಿ ನಿಂತಿದ್ದವು. ಆರಿದ್ರಾ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಬಸ್ಸು ಬಂತು, ತುಂಬಿತ್ತು, ನಿಲ್ಲದೇ ಹೋಯಿತು. ಛತ್ರಿ ಮಗುಚಿಕೊಂಡ ಒಂದು ಸಣ್ಣ ಹುಡುಗಿ ಅಳುವುದಕ್ಕೆ ಶುರುಮಾಡಿದಳು. ಮಿಕ್ಸರ್ ತರಿಸಿದ್ದ ದೇವಕಿ ಮಗಳನ್ನು ಬಿಡಲು ಅಲ್ಲಿಗೇ ಬಂದು ನಿಂತಿದ್ದಳು. ನೂರ್ ಅಹ್ಮದ್ ಅವಳ ಕೈಗೆ ಡಬ್ಬಿ ಕೊಟ್ಟು, ಮಕ್ಕಳನ್ನು ಹತ್ತಿಸಿ ಅಕ್ಕ, ನಾನು ಪೇಟೆಗೇ ಹೋಗುವವನು ಎಂದ. ಮಕ್ಕಳು ಒಂದರ ತೊಡೆಯ ಮೇಲೊಂದು ಕೂತು ಶಾಲೆ ಸೇರಿದವು.

ಮಾರನೆಯ ದಿನ ಅವು ಕಾಯಬಹುದು ಅನ್ನಿಸಿತು. ಹೋದ. ಕಾಯುತ್ತಿದ್ದವು, ನಿನ್ನೆಗಿಂತ ಹೆಚ್ಚೇ ಇದ್ದವು. ಹೀಗೆ ಹದಿನೈದು ದಿನ ನಡೆಯಿತು. ಮಕ್ಕಳು ಅವನನ್ನು ವ್ಯಾನ್ ಮಾಮ ಎಂದು ಕರೆಯತೊಡಗಿದವು. ತಾಯಂದಿರು ಗೇಟಿನ ತನಕ ಬಂದು ಮಾತಾಡಿಸುತ್ತಿದ್ದರು. ಒಬ್ಬರು ಮಿಡಿ ಉಪ್ಪಿನಕಾಯಿ ಕೊಟ್ಟರು, ದೇವಕಿ ಹಲಸಿನ ಹಪ್ಪಳದ ಕಟ್ಟು ಕೊಟ್ಟಳು. ನೀವು ವರ್ಷವಿಡೀ ಬರುವ ಹಾಗಿದ್ದರೆ ನಮಗೆ ಎಷ್ಟು ಅನುಕೂಲ ಆಗ್ತಿತ್ತು ನೂರಣ್ಣ ಎಂದು ಎಲ್ಲರೂ ಹೇಳಿದರು.

ಹಪ್ಪಳ ಕರಿದ ದಿನ ಊಟದ ಹೊತ್ತಿಗೆ ಅವನು ವಿಷಯ ತೆಗೆದ. ಲಾರಿ ಬಿಟ್ಟು ಮಡಿವಾಳಪ್ಪನ ವ್ಯಾನ್ ತಗೊಂಡು ಇಸಳೂರಿನ ಮಕ್ಕಳನ್ನು ಶಾಲೆಗೆ ಬಿಡುವ ಕೆಲಸ ಮಾಡಿದರೆ ಹೇಗೆ? ದಿನಾ ಸಂಜೆ ಮನೆಯಲ್ಲಿರಬಹುದು.

ಅವನ ತಾಯಿ ಹುಸೇನಬಿ ಅನ್ನದ ಕೈಯನ್ನೇ ಎತ್ತಿ ಅಲ್ಲಾಹನಿಗೆ ಶುಕ್ರ್ ಹೇಳಿದಳು. ಅವಳ ಗಂಡನೂ ಲಾರಿಯಲ್ಲೇ ಆಯುಷ್ಯ ಕಳೆದವನು. ಮುಮ್ತಾಜ್ ಹಪ್ಪಳದ ತಟ್ಟೆಯನ್ನು ಗಂಡನ ಹತ್ತಿರ ಸರಿಸಿದಳು.

ಅಜರ್ ಮಾತ್ರ ಲೆಕ್ಕದ ಮಾತು ಎತ್ತಿದ. ಹದಿನೈದು ದಿನ ಪುಕ್ಕಟೆ ಹೋದವರು ದುಡ್ಡು ಕೊಟ್ಟು ಬರ್ತಾರೋ ಇಲ್ಲವೋ ನೋಡಬೇಕು, ಮೊದಲು ಒಂದು ತಿಂಗಳ ಅಡ್ವಾನ್ಸ್ ಕೇಳೋಣ ಎಂದ.

"ಮಳೇಲಿ ನೆನೀತಾ ಇದ್ದ ಮಕ್ಕಳನ್ನ ಕಂಡು ಹತ್ತಿಸಿಕೊಂಡೋನು ನಾನು," ನೂರ್ ಅಹ್ಮದ್ ಹೇಳಿದ. "ಈಗ ಹೋಗಿ, ಮೊದಲು ದುಡ್ಡು ಇಡಿ ಅಂತ ಹೇಗೆ ಕೇಳ್ಲಿ? ಅಷ್ಟು ಜನ ಬಾಯಿಬಿಟ್ಟು ಬೇಕು ಅಂತಿದ್ದಾರಲ್ಲ."

"ಬೇಕು ಅನ್ನೋದಕ್ಕೆ ಖರ್ಚಿಲ್ಲ ಅಬ್ಬಾ."

ಆಗ ಮುಮ್ತಾಜ್ ಬಾಯಿ ತೆರೆದಳು. "ನಿನ್ನ ಅಬ್ಬಾ ಮನೇಲಿ ಇರೋದು ನಿನಗೆ ಬೇಡವಾ?"

ಅಜರ್‌ನ ಮುಖ ಕೆಂಪಾಯಿತು. ಊಟ ಅರ್ಧಕ್ಕೆ ಬಿಟ್ಟು ಕೈತೊಳೆದುಕೊಂಡ. ಅವಳ ಮಾತಿನಲ್ಲಿ ಪೂರ್ತಿ ಸುಳ್ಳಿರಲಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಕಳೆದ ಎರಡು ವರ್ಷ ಮನೆಯ ಯಜಮಾನಿಕೆ ಅವನದಾಗಿತ್ತು. ಆದರೂ ಮರುದಿನ ಅಂಗಡಿಗೆ ರಜೆ ಹಾಕಿ ಇಸಳೂರಿನ ಹೊಸ ಮನೆಗಳಿಗೆಲ್ಲ ತಾನೇ ಹೋದ. ಶಾಲೆಗೆ ವ್ಯಾನ್ ಶುರುವಾದರೆ ಮಕ್ಕಳನ್ನು ಕಳಿಸ್ತೀರಾ ಎಂದು ಕೇಳಿದ. ಅಪ್ಪ ಬೇಡವೆಂದಿದ್ದರಿಂದ ದುಡ್ಡಿನ ಮಾತು ಎತ್ತಲಿಲ್ಲ. ಎಲ್ಲರೂ ಒಳಗೆ ಕರೆದು ಕೂರಿಸಿದರು, ಕೋಕಂ ಪಾನಕ ಕೊಟ್ಟರು, ಯಾಕೆ ಕಳಿಸುವುದಿಲ್ಲ ಎಂದರು. ಸಂಜೆ ಮನೆಗೆ ಬರುವಾಗ ಅವನ ಅನುಮಾನವೂ ಕರಗಿತ್ತು. ಒಂದೇ ವ್ಯಾನ್ ಸಾಕಾಗಲಿಕ್ಕಿಲ್ಲ ಅಮ್ಮಿ ಎಂದು ತಾಯಿಗೆ ಹೇಳಿದ.

ಮುಮ್ತಾಜ್ ಎರಡೂ ಕೈಯ ಬಳೆ ಬಿಚ್ಚಿ ಕೊಟ್ಟಳು. ತವರಿನವರು ಮದುವೆಯಲ್ಲಿ ಹಾಕಿದ ಚಿನ್ನದ ಬಳೆ. ಯಲ್ಲಾಪುರದ ಅಣ್ಣನಿಗೆ ಗೊತ್ತಾದರೆ ಏನನ್ನುತ್ತಾನೆ ಎಂದು ಹುಸೇನಬಿ ಕೇಳಿದ್ದಕ್ಕೆ, ಅಣ್ಣ ದಿನಾ ರಾತ್ರಿ ಅವನ ಹೆಂಡತಿಯ ಹತ್ತಿರ ಕೂತು ಊಟ ಮಾಡ್ತಾನಲ್ಲ, ಅವನಿಗೆ ತಿಳೀಲಿಕ್ಕಿಲ್ಲ ಎಂದಳು. ಬಳೆ ಮಾರಿದ್ದು, ಕೂಡಿಟ್ಟಿದ್ದು ಸೇರಿಸಿ ವ್ಯಾನ್ ಕೊಂಡರು. ಹಳದಿ ಬೋರ್ಡಾಯಿತು. ಹಿಂದಿನ ಸೀಟಿನ ಜಾಗದಲ್ಲಿ ಎದುರುಬದುರು ಬೆಂಚು ಕೂತವು. ನೂರ್ ಅಹ್ಮದ್ ಯಲ್ಲಾಪುರಕ್ಕೆ ಹೋಗಿ ಮಾಲೀಕರಿಗೆ ಲಾರಿಯ ಕೀಲಿ ಒಪ್ಪಿಸಿ ಬಂದ.

ಆಗಸ್ಟ್ ತಿಂಗಳು ವ್ಯಾನ್ ತುಂಬಿ ಓಡಿತು.

ಮನೆಯೂ ತುಂಬಿತು, ಆದರೆ ಮೊದಮೊದಲು ಯಾರಿಗೂ ನೆಟ್ಟಗೆ ಹೊಂದಿಕೆಯಾಗಲಿಲ್ಲ. ಬೆಳಗಿನ ಟ್ರಿಪ್ ಮುಗಿಸಿ ಬಂದ ನೂರ್ ಅಹ್ಮದ್‌ಗೆ ಸಂಜೆಯ ತನಕ ಮಾಡಲು ಕೆಲಸವಿರಲಿಲ್ಲ. ಸೋರುವ ನಲ್ಲಿ ಸರಿಮಾಡಿದ. ಅಡುಗೆಮನೆಯ ಶೆಲ್ಫ್ ಕಿತ್ತು ಬೇರೆ ಗೋಡೆಗೆ ಹೊಡೆದ. ಮುಮ್ತಾಜ್‌ಗೆ ಉಪ್ಪಿನ ಡಬ್ಬಿ ಹುಡುಕುವುದೇ ಒಂದು ಕೆಲಸವಾಯಿತು. ಮೀನು ಮಾರುಕಟ್ಟೆಯಿಂದ ಬಂಗಡೆ ತಂದು ಅವನೇ ಕೊಯ್ಯಲು ಕೂತು ಅಂಗಳವೆಲ್ಲ ನಾತ ಮಾಡಿದ. ಲಾರಿಯಲ್ಲಿ ಅಡುಗೆ ಮಾಡಿ ಅಭ್ಯಾಸವಿದ್ದ ಅವನು ಸಾರಿಗೆ ಕೈ ತುಂಬ ಖಾರ ಸುರಿಯುತ್ತಿದ್ದ. ಹುಸೇನಬಿ ಕಣ್ಣೀರು ಒರೆಸಿಕೊಳ್ಳುತ್ತಲೇ ಚೊಲೋ ಆಗಿದೆ ಎನ್ನುತ್ತಿದ್ದಳು. ಮಧ್ಯಾಹ್ನ ಅವನು ಚಾಪೆಯ ಮೇಲೆ ಗೊರಕೆ ಹೊಡೆಯುವಾಗ ಮುಮ್ತಾಜ್ ಅಕ್ಕಿ ಆರಿಸುತ್ತ ಪಕ್ಕದಲ್ಲೇ ಕೂರುತ್ತಿದ್ದಳು. ಅಕ್ಕಿ ಮುಗಿದರೂ ಏಳುತ್ತಿರಲಿಲ್ಲ.

ಜಗಳವಾದದ್ದು ಸನಾಳ ಕಂಪ್ಯೂಟರ್ ಕ್ಲಾಸಿಗೆ. ಅಜರ್ ತನ್ನ ಪಗಾರದಿಂದ ಫೀ ಕಟ್ಟಿ ಸೇರಿಸಿದ್ದ. ಅವಳು ಸಂಜೆ ಗೆಳತಿಯ ಜೊತೆ ನಡೆದು ಹೋಗಿ ಬರುತ್ತಿದ್ದಳು. ಕತ್ತಲಾಗುವ ಹೊತ್ತಿಗೆ ಹುಡುಗಿ ನಡೆಯುವುದು ಬೇಡ, ನಾನೇ ಬಿಡ್ತೇನೆ, ನಾನೇ ಕರೆತರ್ತೇನೆ ಎಂದು ನೂರ್ ಅಹ್ಮದ್ ಹೇಳಿದ. ಅಜರ್‌ಗೆ ಅದು ತನ್ನ ಮೇಲಿನ ತೀರ್ಪಿನ ಹಾಗೆ ಕೇಳಿಸಿತು. ಎರಡು ವರ್ಷ ಇವಳನ್ನ ನೋಡಿಕೊಂಡವನು ನಾನು, ಈಗ ನಾಲ್ಕು ದಿನಕ್ಕೆ ನಿಮಗೆ ಕತ್ತಲೆ ಕಾಣಿಸ್ತಾ ಎಂದ. ನೂರ್ ಅಹ್ಮದ್ ಕೈ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ, ಎದ್ದು ಮಸೀದಿಗೆ ಹೋದ. ಸನಾ ಯಾರ ಪರವೂ ಮಾತಾಡಲಾರದೆ ಅಜ್ಜಿಯ ಕಾಲು ಒತ್ತುತ್ತ ಕೂತಳು. ಮಾರನೆಯ ಸಂಜೆ ವ್ಯಾನಿನ ಹಿಂದಿನ ಬೆಂಚಿನಲ್ಲಿ, ಬಾಗಿಲಿಗೆ ಅಂಟಿಕೊಂಡು ಹೋದಳು.

ತಿಂಗಳು ತುಂಬಿ ಬಾಡಿಗೆ ಕೊಡುವ ದಿನ ಬಂತು. ನೂರ್ ಅಹ್ಮದ್ ತಾನಾಗಿ ಕೇಳಲಿಲ್ಲ. ಕೆಲವರು ಕರೆದು ಕೊಟ್ಟರು. ಕೆಲವರು ಮುಂದಿನ ತಿಂಗಳು ಒಟ್ಟಿಗೆ ಕೊಡ್ತೇವೆ ಎಂದರು. ಬಾಡಿಗೆ ಎಷ್ಟೆಂದು ಕೇಳಿ, ಇಷ್ಟಾಗ್ತದೆ ಅಂದುಕೊಂಡಿರಲಿಲ್ಲ ಎಂದರು ಇನ್ನು ಕೆಲವರು. ಅಷ್ಟರಲ್ಲಿ ಮಳೆಯ ಜೋರು ಇಳಿದಿತ್ತು. ಸೆಪ್ಟೆಂಬರಿನ ಎಳೆಬಿಸಿಲಿಗೆ ಇಸಳೂರಿನ ಗಂಡಸರು ಬೈಕು ಒರೆಸಿ ಹೊರಗೆ ತೆಗೆದರು. ಹೇಗೂ ಆಫೀಸಿಗೆ ಹೋಗುವವರು, ಮಗನನ್ನು ಟ್ಯಾಂಕಿನ ಮೇಲೆ, ಮಗಳನ್ನು ಹಿಂದೆ ಕೂರಿಸಿಕೊಂಡರೆ ಆಯಿತು. ದೊಡ್ಡ ಮಕ್ಕಳಿಗೆ ಬಸ್ ಪಾಸಿತ್ತು. ಒಂದೊಂದೇ ಗೇಟು ಬೆಳಿಗ್ಗೆ ಮುಚ್ಚಿರತೊಡಗಿತು. ನೂರ್ ಅಹ್ಮದ್ ಹಾರ್ನ್ ಹೊಡೆದರೆ ಒಳಗಿನಿಂದ ಯಾರಾದರೂ ಬಂದು, ಇವತ್ತು ಅವರೇ ಬಿಡ್ತಾರಂತೆ ನೂರಣ್ಣ ಎಂದು ನಗುಮುಖದಿಂದಲೇ ಹೇಳಿ ಹೋಗುತ್ತಿದ್ದರು.

ದಸರಾ ರಜೆಯ ದಿನಗಳಿಗೆ ಬಾಡಿಗೆ ಮುರಿದುಕೊಂಡರು. ರಜೆ ಮುಗಿದ ಮೇಲೆ ವ್ಯಾನಿನಲ್ಲಿ ಉಳಿದದ್ದು ನಾಲ್ಕು ಮಕ್ಕಳು.

ಡೀಸೆಲ್ ಗಾಡಿ ಓಡಿಸಿದವನಿಗೆ ಪೆಟ್ರೋಲ್ ಹಾಕಿಸುವಾಗೆಲ್ಲ ಜೀವ ಹಿಂಡುತ್ತಿತ್ತು. ಮುಮ್ತಾಜ್ ಮೊದಲು ಮಟನ್ ನಿಲ್ಲಿಸಿದಳು, ಆಮೇಲೆ ಬಂಗಡೆಯ ಬದಲು ಅಗ್ಗದ ತಾರ್ಲಿ ಮೀನು, ಆಮೇಲೆ ದಿನವೂ ಬೇಳೆ. ಅಜರ್ ತನ್ನ ಪಗಾರವನ್ನು ಪೂರ್ತಿಯಾಗಿ ತಾಯಿಯ ಕೈಗೆ ಕೊಡತೊಡಗಿದ. ಅದು ಗೊತ್ತಾದ ದಿನ ನೂರ್ ಅಹ್ಮದ್ ತಡೆದುಕೊಳ್ಳಲಾರದೆ, ನೀನೇ ಅಲ್ಲವೇ ಮನೆಮನೆಗೆ ಹೋಗಿ ಕೇಳಿ ಬಂದವನು, ಒಂದು ವ್ಯಾನ್ ಸಾಕಾಗಲಿಕ್ಕಿಲ್ಲ ಅಂದವನು ಎಂದುಬಿಟ್ಟ.

"ವ್ಯಾನ್ ಬೇಕಾ ಅಂತ ಕೇಳಿದೆ. ಬೇಕು ಅಂದರು," ಎಂದ ಅಜರ್. "ಎಷ್ಟು ಕೊಡ್ತೀರಿ ಅಂತ ಕೇಳಬೇಡ ಅಂದವರು ನೀವು. ಕೇಳಿದ್ದರೆ ಆಗಲೇ ಗೊತ್ತಾಗ್ತಿತ್ತು."

"ಗೊತ್ತಾಗಿದ್ದರೆ ನಾನು ಲಾರೀಲೇ ಇರ್ತಿದ್ದೆ. ನಿನಗೆ ಹಗುರ ಆಗ್ತಿತ್ತು."

ಅಜರ್ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ. ಅವನ ಕಣ್ಣಲ್ಲಿ ನೀರು ಬಂದಿತ್ತು. ತಂದೆ ಮಗ ಎಂಟು ದಿನ ಮಾತಾಡಲಿಲ್ಲ. ಬೇಕಾದದ್ದನ್ನೆಲ್ಲ ಹುಸೇನಬಿಯ ಮೂಲಕ ಹೇಳಿಸಿದರು. ಒಂದೇ ಕೋಣೆಯಲ್ಲಿ ಕೂತ ಇಬ್ಬರ ನಡುವೆ, ನಿನ್ನ ಮಗ ಹೀಗಂತಾನೆ, ನಿನ್ನ ಅಬ್ಬಾ ಹಾಗಂತಾನೆ ಎಂದು ಹೇಳಿ ಹೇಳಿ ಮುದುಕಿಗೆ ಬಾಯಿ ಒಣಗಿತು.

ಅವರನ್ನು ರಮಜಾನ್ ಕೂಡಿಸಿತು. ಆ ವರ್ಷ ಅಕ್ಟೋಬರ್ ಕೊನೆಗೆ ಉಪವಾಸ ಶುರುವಾಯಿತು. ನೂರ್ ಅಹ್ಮದ್ ಅಷ್ಟೂ ವರ್ಷ ಇಫ್ತಾರ್ ಮಾಡಿದ್ದು ಹೆದ್ದಾರಿಯ ಢಾಬಾಗಳಲ್ಲಿ, ಕೆಲವೊಮ್ಮೆ ಸ್ಟಿಯರಿಂಗ್ ಹಿಡಿದುಕೊಂಡೇ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು. ಈ ಸಲ ಮನೆಯ ಚಾಪೆಯ ಮೇಲೆ ಐದೂ ಜನ ಸುತ್ತ ಕೂತರು. ಮುಮ್ತಾಜ್ ಗಂಜಿ ಮಾಡಿದ್ದಳು, ಈರುಳ್ಳಿ ಭಜಿ ಕರಿದಿದ್ದಳು. ಮಸೀದಿಯ ಬಾಂಗ್ ಕೇಳಿಸಿದ ಮೇಲೆ ನೂರ್ ಅಹ್ಮದ್ ಮೊದಲ ಖರ್ಜೂರವನ್ನು ತಾನು ತಿನ್ನದೆ ಅಜರ್‌ನ ಮುಂದೆ ಹಿಡಿದ. ಅಜರ್ ತೆಗೆದುಕೊಂಡ. ಅಷ್ಟೇ.

ಸನಾ ಬದಲಾದದ್ದು ಯಾವಾಗ ಎಂದು ಯಾರೂ ಗಮನಿಸಲಿಲ್ಲ. ಹಿಂದಿನ ಬೆಂಚು ಖಾಲಿಯಾಗುತ್ತ ಬಂದ ಹಾಗೆ ಅವಳು ಮುಂದಿನ ಸೀಟಿಗೆ ಬಂದಿದ್ದಳು. ಕ್ಲಾಸಿನಿಂದ ಬರುವಾಗ ದಾರಿಯುದ್ದಕ್ಕೂ ಮಾತು. ಗಣಿತದ ಟೀಚರ್ ಹೇಗೆ ಮೂಗಿನಲ್ಲಿ ಮಾತಾಡ್ತಾರೆ, ಯಾರು ಯಾರ ಜೊತೆ ಟೂ ಬಿಟ್ಟಿದ್ದಾರೆ, ತನಗೆ ಸೈನ್ಸ್ ತಗೊಳ್ಳುವ ಆಸೆ, ಭಾಯಿ ಒಪ್ಪುತ್ತಾನೋ ಇಲ್ಲವೋ. ನೂರ್ ಅಹ್ಮದ್‌ಗೆ ಅರ್ಧ ತಿಳಿಯುತ್ತಿರಲಿಲ್ಲ. ಮನೆ ಹತ್ತಿರ ಬಂದಾಗ ಮಾತು ಮುಗಿಯದಿದ್ದರೆ ಇನ್ನೊಂದು ಸುತ್ತು ಹಾಕಿ ತರುತ್ತಿದ್ದ. ಪೆಟ್ರೋಲಿನ ಯೋಚನೆ ಆಗ ಬರುತ್ತಿರಲಿಲ್ಲ.

ಈದ್‌ಗೆ ವಾರವಿದೆ ಅನ್ನುವಾಗ ದೇವಕಿಯೂ ಮಗಳನ್ನು ಬಿಡಿಸಿದಳು. ಉಳಿದವರು ಮಗುವಿನ ಕೈಯಲ್ಲೋ ಪಕ್ಕದ ಮನೆಯವರ ಬಾಯಲ್ಲೋ ಹೇಳಿ ಕಳಿಸಿದ್ದರು. ಇವಳು ಮಾತ್ರ ತಾನೇ ಗೇಟಿನ ಹೊರಗೆ ಬಂದು ನಿಂತಳು. ಬಾಕಿಯನ್ನು ಲಕೋಟೆಯಲ್ಲಿ ಹಾಕಿ ಕೊಟ್ಟು, ತನ್ನ ಗಂಡ ಹೊಸ ಬೈಕ್ ಕೊಂಡದ್ದು ಹೇಳಿದಳು. ನೂರ್ ಅಹ್ಮದ್ ಆಗಲಿ ಎಂದು ಗೇರ್ ಹಾಕಲು ಹೋದ. ಅವಳು ಕಿಟಕಿ ಹಿಡಿದುಕೊಂಡೇ ನಿಂತಿದ್ದಳು.

"ನಾವು ಯಾರೂ ನಿಮಗೆ ಸುಳ್ಳು ಹೇಳಲಿಲ್ಲ ನೂರಣ್ಣ," ಎಂದಳು. "ಆ ಮಳೇಲಿ ನೀವು ಬಂದು ನಿಂತಾಗ ನಿಜವಾಗಿಯೂ ಬೇಕು ಅನಿಸಿತ್ತು. ತಿಂಗಳು ತಿಂಗಳು ದುಡ್ಡು ಎಣಿಸಿ ಕೊಡುವಷ್ಟು ಬೇಕಾ ಅಂತ ನಮ್ಮನ್ನ ನಾವೇ ಕೇಳಿಕೊಂಡಿರಲಿಲ್ಲ. ನೀವು ಇದನ್ನೇ ನಂಬಿ ಲಾರಿ ಬಿಟ್ಟಿದ್ದೀರಿ ಅಂತ ಮೊನ್ನೆ ಗೊತ್ತಾಯಿತು."

ಅವನಿಗೆ ಸಿಟ್ಟು ಬರಲಿಲ್ಲ. ತಪ್ಪು ನಿಮ್ಮದಲ್ಲ ಅಕ್ಕ, ನಾನೂ ಕೇಳಲಿಲ್ಲ ಎಂದ. ಕೇಳಿದರೆ ಇಲ್ಲ ಅಂದುಬಿಡುತ್ತಾರೇನೋ ಎಂಬ ಹೆದರಿಕೆ ಆಗಲೇ ತನ್ನೊಳಗೆ ಇತ್ತೆಂಬುದು ಅವನಿಗೆ ಆ ಗೇಟಿನ ಹತ್ತಿರ ನಿಂತಾಗಲೇ ಹೊಳೆದದ್ದು. ಅದನ್ನು ಅವಳಿಗೆ ಹೇಳಲಿಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ಮುಮ್ತಾಜ್ ಈದ್‌ಗೆಂದು ಶ್ಯಾವಿಗೆ ಹುರಿಯುತ್ತಿದ್ದಳು. ಅವನು ಒಲೆಯ ಹತ್ತಿರ ಮಣೆ ಹಾಕಿಕೊಂಡು ಕೂತ. ದೇವಕಿ ಹೇಳಿದ್ದನ್ನೆಲ್ಲ ಹೇಳಿದ. ಯಲ್ಲಾಪುರದ ಮಾಲೀಕರು ಎರಡು ಸಲ ಹೇಳಿ ಕಳಿಸಿದ್ದಾರೆ, ಹಬ್ಬ ಮುಗಿದ ಮೇಲೆ ಹೋಗಬೇಕು ಅನಿಸ್ತದೆ ಎಂದ. ಅವಳು ಸೌಟು ಆಡಿಸುತ್ತಲೇ ಇದ್ದಳು.

"ಎಲ್ಲರೂ ಬೇಕು ಅಂದರು," ಎಂದ ನೂರ್ ಅಹ್ಮದ್. "ನಾನು ಮನೇಲಿ ಇರಬೇಕು ಅಂತ ನೀನೂ ಅಂತಿದ್ದೆ."

ಮುಮ್ತಾಜ್ ಒಲೆ ಸಣ್ಣ ಮಾಡಿದಳು. "ನಾನು ಬಾಯಲ್ಲಿ ಅಂದು ಬಿಟ್ಟವಳಲ್ಲ ರೀ. ಕೈಯ ಬಳೆ ಕೊಟ್ಟಿದ್ದೇನೆ. ಕೊಟ್ಟಿದ್ದಕ್ಕೆ ನಾಲ್ಕು ತಿಂಗಳು ಸಿಕ್ಕಿತು." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. "ನಷ್ಟ ಅಂತ ನನ್ನ ಮುಂದೆ ಅನ್ನಬೇಡಿ."

ಈದ್ ದಿನ ಶೀರ್‌ಖುರ್ಮಾದಲ್ಲಿ ಗೋಡಂಬಿ ಕಡಿಮೆ ಇತ್ತು, ಹೊಸಬಟ್ಟೆ ಸನಾಗೆ ಮಾತ್ರ ಆಯಿತು. ನಮಾಜಿಗೆ ಈದ್ಗಾಕ್ಕೆ ತಂದೆ ಮಗ ಒಂದೇ ವ್ಯಾನಿನಲ್ಲಿ ಹೋದರು. ಬರುವಾಗ ಅಜರ್ ಓಡಿಸಿದ. ತಾನು ಇನ್ನೊಂದು ಅಂಗಡಿಯಲ್ಲಿ ಸಂಜೆಯ ಕೆಲಸ ಹಿಡಿಯುತ್ತೇನೆ, ಒಂದು ವರ್ಷ ಹೇಗಾದರೂ ದೂಡೋಣ, ಮುಂದಿನ ಮಳೆಗಾಲಕ್ಕೆ ಅಡ್ವಾನ್ಸ್ ತಗೊಂಡೇ ಶುರುಮಾಡೋಣ, ನೀವು ಹೋಗಬೇಡಿ ಎಂದ. ಆ ಕೊನೆಯ ಮಾತನ್ನು ರಸ್ತೆ ನೋಡಿಕೊಂಡೇ ಹೇಳಿದ. ನೂರ್ ಅಹ್ಮದ್ ಮಗನ ಹೆಗಲ ಮೇಲೆ ಕೈ ಇಟ್ಟ. ಸನಾಗೆ ಸೈನ್ಸ್ ಓದುವ ಆಸೆಯಿದೆ, ನಿನಗೆ ಹೇಳಲು ಹೆದರ್ತಾಳೆ, ಮಳೆಗಾಲವನ್ನು ನಂಬಿ ಅವಳನ್ನು ಕಾಲೇಜಿಗೆ ಕಳಿಸಲಿಕ್ಕೆ ಆಗುವುದಿಲ್ಲ ಎಂದ.

ಮಡಿವಾಳಪ್ಪ ವ್ಯಾನನ್ನು ಕಡಿಮೆಗೇ ಆದರೂ ವಾಪಸ್ ತಗೊಂಡ. ಬೆಂಚು ಯಾಕೆ ಹೊಡೆಸಿದಿಯೋ ಎಂದು ಬೈದ, ಆಮೇಲೆ ಸಿದ್ದಾಪುರದ ಹೋಟೆಲಿನಲ್ಲಿ ಊಟ ಹಾಕಿಸಿ ಬಸ್ ಹತ್ತಿಸಿದ. ಡಿಸೆಂಬರ್ ಮೊದಲ ವಾರ ನೂರ್ ಅಹ್ಮದ್ ಅಡಿಕೆ ಲೋಡಿನ ಜೊತೆ ರಾಜಕೋಟಿಗೆ ಹೊರಟ. ಹುಸೇನಬಿ ಬಾಗಿಲ ತನಕವೂ ಬರಲಿಲ್ಲ. ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅವನೇ ಹೋಗಿ ಅವಳ ಕಾಲು ಮುಟ್ಟಿ ಬಂದ.

ಅವನು ಹೋದ ಮೂರನೆಯ ದಿನ ಅಜರ್ ಅಂಗಡಿಯಿಂದ ಒಂದು ಹಳೇ ಮೊಬೈಲ್ ತಂದ. ಗಿರಾಕಿಯೊಬ್ಬರು ಬದಲಾಯಿಸಿ ಬಿಟ್ಟುಹೋದದ್ದು, ಪಗಾರದಲ್ಲಿ ಹಿಡಿಯಿರಿ ಎಂದು ಮಾಲೀಕರನ್ನು ಒಪ್ಪಿಸಿದ್ದ. ಅಪ್ಪ ಫೋನ್ ಮಾಡಿದಾಗ ತಿಳಿಸಿ ಎಂದು ಯಲ್ಲಾಪುರದ ಲಾರಿ ಮಾಲೀಕರಿಗೆ ನಂಬರ್ ಹೇಳಿ ಕಳಿಸಿದ್ದ. ಅದನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಆ ಮನೆಯಲ್ಲಿ ಅಲ್ಲಿ ಮಾತ್ರ ಸಿಗ್ನಲ್ ಬರುತ್ತಿತ್ತು.

ಶುಕ್ರವಾರ ಸಂಜೆ ಅದು ಹೊಡೆದುಕೊಂಡಿತು. ಮುಮ್ತಾಜ್ ಹಿಟ್ಟು ನಾದುತ್ತಿದ್ದಳು. ಎದ್ದು ಕೈ ತೊಳೆದು ಬರುವಷ್ಟರಲ್ಲಿ ಸನಾ ಹಿಡಿದುಬಿಟ್ಟಿದ್ದಳು. ಅಬ್ಬಾ, ಎಲ್ಲಿದ್ದೀರಿ, ಊಟ ಆಯಿತಾ, ಖಾರ ಜಾಸ್ತಿ ಹಾಕಬೇಡಿ ಎಂದು ಶುರುಮಾಡಿದವಳು ನಿಲ್ಲಲಿಲ್ಲ. ಗಣಿತದ ಟೀಚರ್ ಇವತ್ತು ಏನಂದರು ಗೊತ್ತಾ ಎಂದಳು. ಭಾಯಿ ಸೈನ್ಸಿಗೆ ಹೂಂ ಅಂದಿದ್ದಾನೆ ಎಂದಳು. ನೀವು ಮುಂದಿನ ಶುಕ್ರವಾರದೊಳಗೆ ಬರಬೇಕು, ಬರದಿದ್ದರೆ ನಾನು ಮಾತಾಡುವುದಿಲ್ಲ ಎಂದು ಸಿಟ್ಟು ಮಾಡಿದಳು, ಆ ಕಡೆಯಿಂದ ಏನು ಹೇಳಿದನೋ, ಜೋರಾಗಿ ನಕ್ಕಳು. ಹುಸೇನಬಿ ಮಂಚದಲ್ಲಿ ಎದ್ದು ಕೂತು ಕಿವಿಗೊಟ್ಟಳು.

ಮುಮ್ತಾಜ್ ಸೆರಗಿಗೆ ಕೈ ಒರೆಸಿಕೊಂಡು, ಮಗಳ ಪಕ್ಕದಲ್ಲಿ, ತನ್ನ ಸರದಿಗೆ ನಿಂತಳು. ಒಮ್ಮೆ ಕೈ ಚಾಚಿದಳು. ಸನಾ ಒಂದೇ ನಿಮಿಷ ಅಮ್ಮಿ ಎಂದು ಕಣ್ಣಲ್ಲೇ ಹೇಳಿ ಮತ್ತೊಂದು ಮಾತು ತೆಗೆದಳು. ತಂದೆಗೆ ಹೇಳಲು ಮಗಳಿಗೆ ಇಷ್ಟೊಂದು ಮಾತಿದೆ ಎಂಬುದನ್ನು ಮುಮ್ತಾಜ್ ನಿಂತು ಕೇಳಿದಳು. ಚಾಚಿದ ಕೈಯನ್ನು ನಿಧಾನ ಹಿಂದೆ ತೆಗೆದುಕೊಂಡಳು.

ಆ ಕಡೆ ಬೂತಿನಲ್ಲಿ ದುಡ್ಡು ಮುಗಿಯಿತೋ ಏನೋ, ಲೈನ್ ಕಡಿಯಿತು. ಸನಾ ಒಂದೆರಡು ಸಲ ಅಬ್ಬಾ ಅಬ್ಬಾ ಎಂದು ಕರೆದು, ತಪ್ಪು ಮಾಡಿದವಳ ಹಾಗೆ ತಾಯಿಯ ಮುಖ ನೋಡಿದಳು.

"ನಿನಗೆ ಕೊಡು ಅಂತಾನೇ ಹೇಳ್ತಾ ಇದ್ದರು ಅಮ್ಮಿ. ಅಷ್ಟರಲ್ಲಿ ಕಟ್ ಆಯಿತು."

"ಇರಲಿ," ಎಂದಳು ಮುಮ್ತಾಜ್. ಮೊಬೈಲನ್ನು ತೆಗೆದು ಕಿವಿಗೆ ಹಿಡಿದಳು. ಅದರಲ್ಲಿ ಏನೂ ಇರಲಿಲ್ಲ. ಆದರೂ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು, ಕಿಟಕಿಯ ಆಚೆ ರಸ್ತೆ ನೋಡುತ್ತ ನಿಂತಿದ್ದಳು.